ಅಮ್ಮ, ಇಬ್ಬರು ಮಕ್ಕಳು, ಸಂಪಾಜೆ ಘಾಟಿ: ಯಾವ ವಿದ್ಯುತ್ ಕಾರು ಕೊಳ್ಳಲಿ?

ಲಕ್ಷ್ಮಣತೀರ್ಥ, ಮೈಸೂರು (6 ಸೆಪ್ಟೆಂಬರ್ 2025)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪೆಟ್ರೋಲ್ ಕಾರಿಗೆ ಹನ್ನೊಂದು ವರ್ಷ ತುಂಬಿತು. ಈ ದಸರೆಯೊಳಗೆ ಒಂದು ವಿದ್ಯುತ್ ಕಾರು ಕೊಳ್ಳಬೇಕೆಂದು ನಾನೂ ನನ್ನ ಯಜಮಾನರೂ ನಿರ್ಧರಿಸಿದ್ದೇವೆ. ಯಾವುದು ಎಂಬುದೇ ಮೂರು ವಾರಗಳಿಂದ ಬಗೆಹರಿಯುತ್ತಿಲ್ಲ.

ಮನೆಯಲ್ಲಿ ಐವರು. ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಎಪ್ಪತ್ತೊಂದರ ನನ್ನ ಅಮ್ಮ. ಅಮ್ಮನಿಗೆ ಕಳೆದ ವರ್ಷ ಬಲಮಂಡಿಯ ಕೀಲು ಬದಲಿಸಿದ್ದಾರೆ. ಎಡಮಂಡಿ ಈಗ ನೋಯುತ್ತಿದೆ. ದಿನದ ಓಡಾಟ 40 ಕಿಮೀ ಒಳಗೆ. ಆದರೆ ಎರಡು ತಿಂಗಳಿಗೊಮ್ಮೆ ತವರಿಗೆ ಹೋಗಲೇಬೇಕು. ಪುತ್ತೂರಿನಿಂದ 12 ಕಿಮೀ ಒಳಗೆ, ಅಣ್ಣನ ಅಡಿಕೆ ತೋಟದ ಮನೆ. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ ದಾಟಿ ಒಟ್ಟು ಸುಮಾರು 220 ಕಿಮೀ ದಾರಿ.

ಪಟ್ಟಿಯಲ್ಲಿ ನಾಲ್ಕು ಉಳಿದಿವೆ. ಟಾಟಾ ನೆಕ್ಸಾನ್ 45 ಕಿಲೋವ್ಯಾಟ್ ಅವರ್ (ಅಂದರೆ 45 ಯೂನಿಟ್) ಬ್ಯಾಟರಿಯದು, ಕಂಪನಿ ಹೇಳುವ ರೇಂಜ್, ಅಂದರೆ ಒಮ್ಮೆ ತುಂಬಿಸಿದರೆ ಓಡುವ ದೂರ, 489 ಕಿಮೀ. ಎಂಜಿ ವಿಂಡ್ಸರ್ ಪ್ರೊ, 52.9ರ ಬ್ಯಾಟರಿ, 449 ಕಿಮೀ. ಹುಂಡೈ ಕ್ರೆಟಾ ಎಲೆಕ್ಟ್ರಿಕ್, ಬಿಡುಗಡೆಯ ಹೊತ್ತಿನಲ್ಲಿ ಹೇಳಿದಂತೆ 42ರ ಬ್ಯಾಟರಿಗೆ 390, 51.4ಕ್ಕೆ 473. ಕಿಯಾ ಕ್ಯಾರೆನ್ಸ್ ಕ್ಲಾವಿಸ್, ಅವೇ ಬ್ಯಾಟರಿ ಅಳತೆಗೆ 404 ಮತ್ತು 490, ಮೂರು ಸಾಲು ಸೀಟು. ಬಿಡುಗಡೆಯ ದಿನದ ಎಕ್ಸ್ ಶೋರೂಂ ದರ ನೋಡಿದರೆ ನೆಕ್ಸಾನ್ 45 ₹13.99 ಲಕ್ಷದಿಂದ, ವಿಂಡ್ಸರ್ ಪ್ರೊ ₹17.49 ಲಕ್ಷ, ಉಳಿದೆರಡೂ ₹17.99 ಲಕ್ಷದಿಂದ ಶುರು. ಸಾಲ ಸೇರಿ ನಮ್ಮ ಕೈಗೆ ಎಟುಕುವುದು 19 ಲಕ್ಷ, ಅದೂ ಹಿಗ್ಗಿಸಿದರೆ.

ನನಗೆ ಅರ್ಥವಾಗದ್ದು ಇಷ್ಟೇ. ದೊಡ್ಡ ಬ್ಯಾಟರಿಯ ಕಾರಿಗಿಂತ ಚಿಕ್ಕ ಬ್ಯಾಟರಿಯ ಕಾರು ಹೆಚ್ಚು ದೂರ ಹೋಗುತ್ತದೆಂದು ಕರಪತ್ರ ಹೇಳುತ್ತದೆ. ಯಾವ ಸಂಖ್ಯೆಯನ್ನು ನಂಬಿ ಅಮ್ಮನನ್ನು ಘಾಟಿಯಲ್ಲಿ ಕೂರಿಸಿಕೊಂಡು ಹೋಗಲಿ?

ಎರಡು ವರ್ಷದ ನೆಕ್ಸಾನ್, ತುಮಕೂರು (6 ಸೆಪ್ಟೆಂಬರ್)

ಮೇಡಂ, ಯಾವ ಸಂಖ್ಯೆಯನ್ನೂ ನಂಬಬೇಡಿ. ಅದು ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ, ನಿಗದಿಯಾದ ವೇಗದಲ್ಲಿ ಓಡಿಸಿ ಪಡೆದ ಅಂಕಿ. ಐದು ಜನರೂ ಅಕ್ಕಿ ಮೂಟೆಯೂ ಅಲ್ಲಿರುವುದಿಲ್ಲ. ಟಾಟಾದವರೇ 45ರ ನೆಕ್ಸಾನ್‌ಗೆ ನಿಜವಾದ ರಸ್ತೆಯಲ್ಲಿ 350ರಿಂದ 370 ಎಂದು ಬೇರೆ ಅಂಕಿ ಕೊಡುತ್ತಾರೆ. ನಾನು ಅದರಲ್ಲೂ ಇನ್ನಷ್ಟು ಕಳೆದು ಲೆಕ್ಕ ಹಾಕುತ್ತೇನೆ.

ನನ್ನದು 2023ರ 40.5 ಬ್ಯಾಟರಿಯ ಕಾರು. ಈವರೆಗೆ 41,000 ಕಿಮೀ ಓಡಿಸಿದ್ದೇನೆ. ಊರೊಳಗೆ ಒಂದು ಯೂನಿಟ್‌ಗೆ ಏಳೂವರೆ ಕಿಮೀ ಬರುತ್ತದೆ. ಹೆದ್ದಾರಿಯಲ್ಲಿ 80ರ ವೇಗದಲ್ಲಿ ಏಳು, 100 ಮುಟ್ಟಿದರೆ ಐದೂವರೆಗೆ ಇಳಿಯುತ್ತದೆ. ಪೆಟ್ರೋಲ್ ಕಾರಿನ ಅಭ್ಯಾಸದವರಿಗೆ ಇದು ತಲೆಕೆಳಗೆ ಕಾಣುತ್ತದೆ, ಆದರೆ ಇಲ್ಲಿ ಊರಿನ ಓಡಾಟವೇ ಅಗ್ಗ.

ಯಾವುದೇ ಕಾರಾಗಲಿ, ಬ್ಯಾಟರಿಯ ಅಳತೆಯನ್ನು ಆರರಿಂದ ಗುಣಿಸಿ. ಕೊನೆಯ ಶೇ 15ನ್ನು ಆಪತ್ತಿಗೆಂದು ಬದಿಗಿಡಿ. 45ಕ್ಕೆ 270, ಅದರಲ್ಲಿ ಆಪತ್ತಿನದ್ದು ಕಳೆದರೆ 230. ನಿಮ್ಮ ಊರು 220. ಸರಿಹೋಯಿತಲ್ಲ?

ಭೌತಶಾಸ್ತ್ರ ಮೇಷ್ಟ್ರು, ಹಾಸನ (7 ಸೆಪ್ಟೆಂಬರ್)

ಸಮತಟ್ಟಾದ ರಸ್ತೆಗೆ ಮೇಲಿನ ಸೂತ್ರ ಸರಿ. ನಿಮ್ಮ ದಾರಿಯಲ್ಲಿ ಬೆಟ್ಟವಿದೆ. ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು.

ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150. ಸುಳ್ಯ 100ರ ಆಸುಪಾಸು. ಅಂದರೆ ಹೋಗುವಾಗ 400 ಮೀಟರ್ ಹತ್ತಿ 1,050 ಮೀಟರ್ ಇಳಿಯುತ್ತೀರಿ. ಬರುವಾಗ ಆ 1,050 ಮೀಟರನ್ನು 50 ಕಿಮೀ ಒಳಗೆ ಹತ್ತಬೇಕು.

ಕಾರು, ಜನ, ಸಾಮಾನು ಸೇರಿ 1,850 ಕಿಲೋ ಎಂದುಕೊಳ್ಳೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 1.9 ಕೋಟಿ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 5.3 ಯೂನಿಟ್, ಮೋಟಾರಿನ ನಷ್ಟ ಸೇರಿ ಆರು. ಬೆಟ್ಟ ಹತ್ತುವುದಕ್ಕಾಗಿಯೇ ಹೆಚ್ಚುವರಿಯಾಗಿ ಖರ್ಚಾಗುವುದು ಆರು ಯೂನಿಟ್, 45ರ ಬ್ಯಾಟರಿಯಲ್ಲಿ ಶೇ 13. ಘಾಟಿಯ ಹೆಸರು ಕೇಳಿ ಹೆದರುವವರು ಈ ಅಂಕಿಯನ್ನು ಬರೆದಿಟ್ಟುಕೊಳ್ಳಲಿ. ಬ್ಯಾಟರಿ ಅರ್ಧಕ್ಕೆ ಅರ್ಧ ಖಾಲಿಯಾಗುತ್ತದೆ ಎಂಬುದು ಸುಳ್ಳು.

ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ ಒಂದಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಮಡಿಕೇರಿಯಿಂದ ಸುಳ್ಯಕ್ಕೆ 50 ಕಿಮೀ ಹೋದರೂ ಶೇ 5ರಿಂದ 7ಕ್ಕಿಂತ ಹೆಚ್ಚು ಇಳಿಯಬಾರದು.

ಒಂದು ಎಚ್ಚರಿಕೆ: ಮಡಿಕೇರಿಯಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಶೇ 100 ತುಂಬಿಸಿ ಘಾಟಿ ಇಳಿಯಬೇಡಿ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿಯಲಾಗದು. ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಮೋಟಾರು ಕಾರನ್ನು ತಡೆಯುವ ಶಕ್ತಿ ಕುಗ್ಗುತ್ತದೆ, ಬ್ರೇಕ್ ಒಂದನ್ನೇ ನೆಚ್ಚಬೇಕಾಗುತ್ತದೆ. ಗುಡ್ಡದ ಮೇಲಿನ ಊರಿನಿಂದ ಹೊರಡುವವರಿಗೆ ಶೇ 85, 90 ಸಾಕು.

ಲಕ್ಷ್ಮಣತೀರ್ಥ (7 ಸೆಪ್ಟೆಂಬರ್)

ಮೇಷ್ಟ್ರೇ, ನಿಮ್ಮ ಲೆಕ್ಕವನ್ನು ಮಗಳಿಂದ ಇನ್ನೊಮ್ಮೆ ಮಾಡಿಸಿದೆ. ಜೂಲ್ ಎಂದರೇನೆಂದು ಅವಳಿಗೆ ಹೇಳುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ನನ್ನ ಎದೆಯ ಮೇಲಿದ್ದ ಅರ್ಧ ಭಾರ ಇಳಿಯಿತು. ಉಳಿದರ್ಧ ಎಂದರೆ ತವರಿನಲ್ಲಿ ಚಾರ್ಜ್ ಮಾಡುವುದು.

ಪುತ್ತೂರಿನ ತೋಟ (7 ಸೆಪ್ಟೆಂಬರ್)

ಅಕ್ಕ, ಆ ಉಳಿದರ್ಧದ ವಿಷಯ ನಾನು ಹೇಳುತ್ತೇನೆ. ನಮ್ಮದೂ ನಿಮ್ಮ ಅಣ್ಣನ ಮನೆಯಂತೆಯೇ, ಲೈನಿನ ಕಟ್ಟಕಡೆಯ ಮನೆ. ಮಗಳು ಅಳಿಯ ವಿದ್ಯುತ್ ಕಾರಿನಲ್ಲಿ ಬೆಂಗಳೂರಿನಿಂದ ಬಂದಿದ್ದರು. ಸಂಜೆ ಏಳಕ್ಕೆ ಪ್ಲಗ್ ಹಾಕಿದರು. ವೋಲ್ಟೇಜ್ 175ರ ಹತ್ತಿರ ಇತ್ತು. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತೇ ಹೋಯಿತು. ರಾತ್ರಿ ಹನ್ನೊಂದರ ಮೇಲೆ ಊರಿನ ಪಂಪು, ಮಿಕ್ಸಿ, ಟಿವಿ ಎಲ್ಲ ಆರಿದ ನಂತರ 215ಕ್ಕೆ ಏರಿತು, ಬೆಳಿಗ್ಗೆ ಆರರವರೆಗೆ ಚೆನ್ನಾಗಿಯೇ ತುಂಬಿತು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದ್ದೂ ಉಂಟು. ಆಗ ಪುತ್ತೂರು ಪೇಟೆಗೆ ಹೋಗಿ ತುಂಬಿಸಿಕೊಂಡು ಬರುವಷ್ಟು ಚಾರ್ಜ್ ಕಾರಿನಲ್ಲಿ ಇರಲೇಬೇಕು.

ಇನ್ನೊಂದು. ನಮ್ಮ ಕಡೆಯ ತೋಟದ ಮಣ್ಣು ರಸ್ತೆಯಲ್ಲಿ ನಡುವೆ ದಿಣ್ಣೆ ಇರುತ್ತದೆ. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ. ಐದು ಜನ ಕುಳಿತ ಮೇಲೆ ತಳ ಎಷ್ಟು ತಗ್ಗುತ್ತದೆ ಎಂದು ಬಗ್ಗಿ ನೋಡಿಯೇ ಕೊಳ್ಳಿ. ಸ್ಟೆಪ್ನಿ ಇದೆಯೇ ಎಂದೂ ಕೇಳಿ. ಈಗ ಹಲವು ಕಾರುಗಳಲ್ಲಿ ಪಂಕ್ಚರ್ ಹಾಕುವ ಡಬ್ಬಿ ಮಾತ್ರ ಕೊಡುತ್ತಾರೆ. ಟೈರಿನ ಬದಿ ಸೀಳಿದರೆ ಆ ಡಬ್ಬಿಯಿಂದ ಏನೂ ಆಗದು ಮಾರಾಯರೇ.

ವೈರಿಂಗ್ ಕೆಲಸದವನು, ಮಂಡ್ಯ (8 ಸೆಪ್ಟೆಂಬರ್)

ತೋಟದ ಮನೆ ಎಂದಿದ್ದಕ್ಕೆ ಮೊದಲು ಇದನ್ನು ಹೇಳುತ್ತೇನೆ. ಪಂಪ್‌ಸೆಟ್ಟಿನ ಲೈನಿನಿಂದ ಕಾರು ಚಾರ್ಜ್ ಮಾಡಬೇಡಿ. ಅದು ನೀರಾವರಿಗೆಂದು ಸರ್ಕಾರ ಕೊಡುವ ವಿದ್ಯುತ್. ಕಾರಿಗೆ ಬಳಸುವುದು ಅಕ್ರಮ, ತ್ರೀ ಫೇಸ್ ಬರುವ ಹೊತ್ತೂ ನೆಚ್ಚುವಂಥದ್ದಲ್ಲ. ಮನೆಯ ಮೀಟರಿನಿಂದ ಪ್ರತ್ಯೇಕ ತಂತಿ ಎಳೆಸಿ. ತಾಮ್ರದ 4 ಚದರ ಮಿಲಿಮೀಟರ್ ತಂತಿ, 16 ಆಂಪಿಯರ್ ಪ್ಲಗ್, ತನ್ನದೇ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆರುವಂಥದ್ದು), ಮುಖ್ಯವಾಗಿ ಅರ್ಥಿಂಗ್. ಹಳೆಯ ಮನೆಗಳಲ್ಲಿ ಅರ್ಥಿಂಗ್ ಗುಂಡಿ ಒಣಗಿಹೋಗಿರುತ್ತದೆ. ಅರ್ಥಿಂಗ್ ಸರಿಯಿಲ್ಲದ ಕಡೆ ಈ ಚಾರ್ಜರ್‌ಗಳು ಶುರುವೇ ಆಗುವುದಿಲ್ಲ, ಜನ ಕಾರನ್ನು ಬೈಯುತ್ತಾರೆ. ನಿಮ್ಮ ಅಣ್ಣನವರ ಮನೆಗೆ ಇಷ್ಟು ಕೆಲಸ ಮಾಡಿಸಿಕೊಟ್ಟರೆ ಕಾರಿಗಿಂತ ಮೊದಲು ಆ ಮನೆಯ ಫ್ರಿಜ್ಜು, ಮೋಟಾರುಗಳೇ ನಿಮಗೆ ಋಣಿ.

ಮೈಸೂರಿನ ಮನೆಗೆ 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ಬೇಕೇ ಎಂಬುದಕ್ಕೆ ನನ್ನ ಉತ್ತರ, ಬೇಡ. ನಿಮ್ಮ ದಿನದ 40 ಕಿಮೀಗೆ ಆರು ಯೂನಿಟ್ ಸಾಕು. ಸಾಮಾನ್ಯ 3.3 ಕಿಲೋವ್ಯಾಟ್ ಪ್ಲಗ್ಗಿನಲ್ಲಿ ಎರಡು ಗಂಟೆ. ಖಾಲಿಯಿಂದ ಪೂರ್ತಿ ತುಂಬಲು ಹದಿನಾಲ್ಕು ಗಂಟೆ ಬೇಕು, ಆದರೆ ಊರಿಗೆ ಹೋಗುವ ಹಿಂದಿನ ಎರಡು ರಾತ್ರಿ ಹಾಕಿದರೆ ಆಯಿತು. ಕಂಪನಿಯವರು ಗೋಡೆ ಚಾರ್ಜರ್ ಉಚಿತವಾಗಿ ಕೊಟ್ಟರೂ ಮಂಜೂರಾದ ಲೋಡ್ ಹೆಚ್ಚಿಸಬೇಕಾಗುತ್ತದೆ, ಆ ಹೆಚ್ಚಿದ ಲೋಡಿಗೆ ತಿಂಗಳು ತಿಂಗಳೂ ನಿಗದಿತ ಶುಲ್ಕ ಬರುತ್ತದೆ.

ಇನ್ನು ಗೃಹಜ್ಯೋತಿ, ಅಂದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ. ನಿಮಗೆ ಈಗ ಬಿಲ್ ಸೊನ್ನೆ ಬರುತ್ತಿದೆಯೇ? ತಿಂಗಳಿಗೆ 1,200 ಕಿಮೀ ಓಡಿಸಿದರೆ ಚಾರ್ಜಿಂಗ್ ನಷ್ಟ ಸೇರಿ 190 ಯೂನಿಟ್ ಕಾರಿಗೇ ಬೇಕು. ಮನೆಯದು 110 ಎಂದರೂ 300 ಆಯಿತು. 200 ದಾಟಿದ ತಿಂಗಳು ಇಡೀ ಬಿಲ್ ಕಟ್ಟಬೇಕು, ದಾಟಿದ ಭಾಗಕ್ಕೆ ಮಾತ್ರ ಅಲ್ಲ. ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಕಾರಿಗೆಂದೇ ಬೇರೆ ಮೀಟರ್ ತೆಗೆದುಕೊಳ್ಳಬಹುದು, ವಾಹನ ಚಾರ್ಜಿಂಗ್‌ಗೆ ಬೇರೆಯದೇ ದರಪಟ್ಟಿ ಇದೆ. ಮನೆಯ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಕಾರು ಬುಕ್ ಮಾಡುವ ದಿನವೇ ಅರ್ಜಿ ಹಾಕಿ.

ಲಕ್ಷ್ಮಣತೀರ್ಥ (8 ಸೆಪ್ಟೆಂಬರ್)

ನಮ್ಮದು ಸೊನ್ನೆ ಬಿಲ್ಲೇ. ಮೂರು ವಾರ ಬ್ಯಾಟರಿ, ರೇಂಜ್ ಎಂದು ಪುಟಗಟ್ಟಲೆ ಬರೆದುಕೊಂಡೆ, ಮೀಟರಿನ ಯೋಚನೆ ಒಮ್ಮೆಯೂ ಬರಲಿಲ್ಲ. ತುಂಬ ಉಪಕಾರವಾಯಿತು ಅಣ್ಣ. ನಾಳೆ ಕಚೇರಿಯಿಂದ ಬರುವಾಗ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಉಪವಿಭಾಗಕ್ಕೆ ಹೋಗಿ ವಿಚಾರಿಸುತ್ತೇನೆ.

ಮೊದಲ ಸಂಬಳ, ದಾವಣಗೆರೆ (9 ಸೆಪ್ಟೆಂಬರ್)

ಮೇಡಂ, ಸಾಲ ಮಾಡಿ ಕೊಂಡರೆ ಬಡ್ಡಿಯಲ್ಲಿ ₹1.5 ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆಯಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಲೆಕ್ಕಪತ್ರ, ಶಿವಮೊಗ್ಗ (9 ಸೆಪ್ಟೆಂಬರ್)

ಇಲ್ಲ. ಅದು ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಮು. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ನಡುವೆ ಮಂಜೂರಾದ ಸಾಲಗಳಿಗೆ ಮಾತ್ರ. ಈಗ ಕೊಳ್ಳುವವರಿಗೆ ಸಿಗದು. ಇಂದಿಗೂ ಕೆಲವು ಮಾರಾಟಗಾರರು ಇದನ್ನು ಹೇಳಿ ಕಾರು ಮಾರುತ್ತಾರೆ, ಓದಿದವರೇ ಮೋಸಹೋಗುತ್ತಾರೆ. ಕೇಂದ್ರದ ಸಬ್ಸಿಡಿಯೂ ಖಾಸಗಿ ಕಾರಿಗೆ ಇಲ್ಲ.

ಈ 2025ರಲ್ಲಿ ಇರುವುದು ಇಷ್ಟು. ಜಿಎಸ್‌ಟಿ ಶೇ 5. ನಮ್ಮ ರಾಜ್ಯದಲ್ಲಿ 25 ಲಕ್ಷದೊಳಗಿನ ವಿದ್ಯುತ್ ಕಾರಿಗೆ ಆಜೀವ ತೆರಿಗೆ ಇಲ್ಲ, ಅದನ್ನು ಮೀರಿದ್ದಕ್ಕೆ 2024ರಿಂದ ಶೇ 10. ಥರ್ಡ್ ಪಾರ್ಟಿ ವಿಮೆಯಲ್ಲಿ ಶೇ 15 ರಿಯಾಯಿತಿ, ಆದರೆ ಕಾರಿನ ಬೆಲೆಯೇ ಹೆಚ್ಚಾದ್ದರಿಂದ ಒಟ್ಟು ವಿಮೆ ಪೆಟ್ರೋಲ್ ಕಾರಿಗಿಂತ ಹೆಚ್ಚೇ ಬರುತ್ತದೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯುತ್ತಿದೆ. ಹೀಗಾಗಿ ಎರಡರ ನಡುವಿನ ಅಂತರ ಮತ್ತೆ ಹಿಗ್ಗುತ್ತದೆ. ನೀವು 22ರ ನಂತರ ಎರಡಕ್ಕೂ ಹೊಸ ಕೊಟೇಷನ್ ತೆಗೆಸಿ. ಅಂತರ 3 ಲಕ್ಷ ಎಂದುಕೊಳ್ಳೋಣ. ಪೆಟ್ರೋಲಿಗೆ ಕಿಮೀಗೆ ₹8 ಹತ್ತಿರ, ಮನೆಯ ವಿದ್ಯುತ್ತಿಗೆ ₹1. ತಿಂಗಳಿಗೆ 1,200 ಕಿಮೀಗೆ ಸುಮಾರು ₹8,000 ಉಳಿತಾಯ. ಮೂರು ವರ್ಷ ದಾಟಿದ ಮೇಲೆ ಅಸಲು ವಾಪಸ್. ತಿಂಗಳಿಗೆ 400 ಕಿಮೀ ಮಾತ್ರ ಓಡಿಸುವವರು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಯಾವಾಗಲೂ ಹೊರಗಿನ ವೇಗದ ಚಾರ್ಜರಿನಲ್ಲೇ ತುಂಬಿಸುವವರಿಗೂ ಬೇಡ. ಅಲ್ಲಿ ಯೂನಿಟ್‌ಗೆ ₹20ರ ಆಚೀಚೆ, ಮೇಲೆ ಶೇ 18 ಜಿಎಸ್‌ಟಿ.

ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಯೋಜನೆಯ ಬಗ್ಗೆಯೂ ಹೇಳಿಬಿಡುತ್ತೇನೆ. 38ರ ಬ್ಯಾಟರಿಯ ವಿಂಡ್ಸರ್ 2024ರಲ್ಲಿ ಬಂದಾಗ ₹9.99 ಲಕ್ಷ, ಮೇಲೆ ಕಿಮೀಗೆ ₹3.5 ಎಂದಿದ್ದರು. ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಅದು ಒಂದು ದಾರಿ. ಆದರೆ ನಿಮ್ಮ 1,200 ಕಿಮೀಗೆ ತಿಂಗಳಿಗೆ ₹4,200 ಆಯಿತು, ಕರೆಂಟಿನ ದುಡ್ಡು ಬೇರೆ. ಕನಿಷ್ಠ ಇಷ್ಟು ಕಿಮೀ ಎಂಬ ಷರತ್ತೂ ಇರುತ್ತದೆ. ಒಪ್ಪಂದದ ಕೊನೆಯ ಪುಟದವರೆಗೆ ಓದದೆ ಸಹಿ ಹಾಕಬೇಡಿ.

ನಲವತ್ತು ವರ್ಷ ಸ್ಟಿಯರಿಂಗ್, ಸುಂಟಿಕೊಪ್ಪ (10 ಸೆಪ್ಟೆಂಬರ್)

ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ. ಬೇರೆ ಮಾತನ್ನೂ ಕೇಳಿ ತಾಯಿ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ನಾನು ಜೀಪಿನಲ್ಲಿದ್ದೆ. ರಸ್ತೆಯೇ ಮಾಯವಾಯಿತು. ಎಷ್ಟೋ ದಿನ ಸುಳ್ಯಕ್ಕೆ ಹೋಗಬೇಕಾದವರು ಬೇರೆ ದಾರಿ ಸುತ್ತಿ ಹೋದರು. ಕರೆಂಟಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ. ಡಬ್ಬಿಯಲ್ಲಿ ಐದು ಲೀಟರ್ ಡೀಸೆಲ್ ಇಟ್ಟುಕೊಂಡವನು ಪಾರಾದ. ಕರೆಂಟನ್ನು ಡಬ್ಬಿಯಲ್ಲಿ ತರಲು ಆಗುತ್ತದೆಯೇ? ವಯಸ್ಸಾದವರನ್ನು ಕೂರಿಸಿಕೊಂಡು ನಮ್ಮ ಮಳೆಯಲ್ಲಿ ಬರುವವರು ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು.

ಲಕ್ಷ್ಮಣತೀರ್ಥ (10 ಸೆಪ್ಟೆಂಬರ್)

ಹಿರಿಯರೇ, ನಿಮ್ಮ ಮಾತು ನನಗೆ ನಾಟಿತು. ಆ ವರ್ಷ ನಮ್ಮ ಚಿಕ್ಕಮ್ಮನ ಮನೆಯವರೂ ಮಡಿಕೇರಿಯ ಪರಿಹಾರ ಕೇಂದ್ರದಲ್ಲಿದ್ದರು. ನನ್ನ ಉತ್ತರ ಇದು: ಜುಲೈ, ಆಗಸ್ಟ್‌ನಲ್ಲಿ ಆ ದಾರಿಯಲ್ಲಿ ಯಾವ ಕಾರಿನಲ್ಲೂ ಅಮ್ಮನನ್ನು ಕರೆದೊಯ್ಯುವುದಿಲ್ಲ. ಉಳಿದ ತಿಂಗಳುಗಳಲ್ಲಿ ಕುಶಾಲನಗರ ಬಿಡುವಾಗ ಶೇ 60ಕ್ಕಿಂತ ಕಡಿಮೆ ಇದ್ದರೆ ಅಲ್ಲೇ ತುಂಬಿಸಿಕೊಂಡೇ ಮುಂದೆ ಹೋಗುತ್ತೇನೆ. ಅಷ್ಟಿದ್ದರೆ ಘಾಟಿಯ ಬಾಯಿಂದ ಹಿಂದಿರುಗಿ ಬರಲೂ ಸಾಕು.

ಕಲಬುರಗಿ ಬಿಸಿಲು (11 ಸೆಪ್ಟೆಂಬರ್)

ನಿಮಗೆ ಬೆಟ್ಟದ ಚಿಂತೆ, ನಮಗೆ ಬಿಸಿಲಿನದು. ಮೇ ತಿಂಗಳಲ್ಲಿ 42 ಡಿಗ್ರಿ. ಕೊಳ್ಳುವಾಗ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇದೆಯೇ ಎಂಬುದನ್ನು ನಾನು ಮೊದಲು ಕೇಳಿದೆ. ಎಸಿ ಬಗ್ಗೆ ಒಂದು ಮಾತು: ಅದು ಗಂಟೆಗೆ ಒಂದು ಯೂನಿಟ್‌ನಷ್ಟು ತಿನ್ನುತ್ತದೆ, ದೂರಕ್ಕೆ ಅಲ್ಲ, ಹೊತ್ತಿಗೆ. ಆದ್ದರಿಂದ ಹೆದ್ದಾರಿಗಿಂತ ಬೆಂಗಳೂರಿನ ದಟ್ಟಣೆಯಲ್ಲಿ ನಿಂತಾಗಲೇ ಎಸಿಯ ಹೊರೆ ಹೆಚ್ಚು.

ಬ್ಯಾಟರಿಯ ಜಾತಿಯನ್ನೂ ಕೇಳಿಕೊಳ್ಳಿ. ನೆಕ್ಸಾನ್, ವಿಂಡ್ಸರ್ ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್‌ನದು). ಕ್ರೆಟಾ ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್‌ನದು). ಎಲ್‌ಎಫ್‌ಪಿ ಸ್ವಲ್ಪ ಭಾರ, ಆದರೆ ಬಿಸಿಗೆ ಹೆಚ್ಚು ತಾಳಿಕೊಳ್ಳುತ್ತದೆ, ಹೆಚ್ಚು ಬಾರಿ ತುಂಬಿ ಖಾಲಿ ಮಾಡಬಹುದು. ಆಗಾಗ ಶೇ 100ರವರೆಗೆ ತುಂಬಿಸಬೇಕು, ಇಲ್ಲದಿದ್ದರೆ ಪರದೆಯ ಮೇಲಿನ ಶೇಕಡಾ ಲೆಕ್ಕ ತಪ್ಪುತ್ತದೆ. ಎನ್‌ಎಂಸಿಯನ್ನು ದಿನಬಳಕೆಗೆ 80ರಲ್ಲಿ ನಿಲ್ಲಿಸುವುದು ಒಳ್ಳೆಯದು. ಬ್ಯಾಟರಿಗೆ ಜೀವಮಾನದ ವಾರಂಟಿ ಎನ್ನುವುದು ಮೊದಲ ಮಾಲೀಕರಿಗೆ ಮಾತ್ರ, ಮಾರುವಾಗ ಇದು ನೆನಪಿರಲಿ.

ಲಕ್ಷ್ಮಣತೀರ್ಥ (15 ಸೆಪ್ಟೆಂಬರ್)

ನಿನ್ನೆ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನಾಲ್ಕೂ ಶೋರೂಮು ಸುತ್ತಿದೆವು. ನಾನು, ಯಜಮಾನರು, ಅಮ್ಮ, ಮಕ್ಕಳು, ಜೊತೆಗೆ ಊರಿಗೆ ಒಯ್ಯುವ ಎರಡು ಸೂಟ್‌ಕೇಸು, ಒಂದು ಬಾಕ್ಸು, ಅಮ್ಮನ ವಾಕರ್. ಒಂದು ಕಡೆ ಮಾರಾಟಗಾರ ಹುಡುಗ, ಸಾಮಾನು ಯಾಕೆ ಮೇಡಂ ಎಂದ. ಡಿಕ್ಕಿಯ ಲೀಟರ್ ಲೆಕ್ಕ ನನಗೆ ಅರ್ಥವಾಗುವುದಿಲ್ಲ, ವಾಕರ್ ಹಿಡಿಸುತ್ತದೆಯೇ ನೋಡಬೇಕು ಎಂದೆ. ಆಮೇಲೆ ಅವನೇ ಮುಂದೆ ಬಂದು ಜೋಡಿಸಿ ತೋರಿಸಿದ, ಒಳ್ಳೆಯ ಹುಡುಗ.

ನಾನು ಗಮನಿಸಿದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಲಿ. ವಿದ್ಯುತ್ ಕಾರಿನಲ್ಲಿ ನೆಲದಡಿ ಬ್ಯಾಟರಿ ಇರುವುದರಿಂದ ಹಿಂದಿನ ಸೀಟಿನವರ ಕಾಲಿಡುವ ಜಾಗ ಮೇಲೆ ಬಂದಿರುತ್ತದೆ. ಪೆಟ್ರೋಲ್ ಕಾರಾಗಿ ಹುಟ್ಟಿ ಆಮೇಲೆ ವಿದ್ಯುತ್ತಿಗೆ ಬದಲಾದ ವಿನ್ಯಾಸಗಳಲ್ಲಿ ಇದು ಹೆಚ್ಚು ತಿಳಿಯುತ್ತದೆ. ಕೂತಾಗ ಮಂಡಿ ಮೇಲೇರುತ್ತದೆ, ತೊಡೆ ಸೀಟಿಗೆ ತಾಗುವುದಿಲ್ಲ, ಭಾರವೆಲ್ಲ ಸೊಂಟದ ಮೇಲೆ. ನನಗೆ ಹತ್ತು ನಿಮಿಷದಲ್ಲಿ ಏನೂ ಅನಿಸಲಿಲ್ಲ. ಅಮ್ಮನನ್ನು ಅರ್ಧ ಗಂಟೆ ಕೂರಿಸಿದಾಗ ಅವರ ಮುಖ ನೋಡಿ ತಿಳಿಯಿತು. ಸುಮ್ಮನೆ ಶೋರೂಮಿನೊಳಗೆ ಹತ್ತಿ ಇಳಿದು ಬರುವವರಿಗೆ ಇದು ಗೊತ್ತಾಗುವುದಿಲ್ಲ.

ಹಿಂದಿನ ಸೀಟಿನ ವಿಷಯದಲ್ಲಿ ವಿಂಡ್ಸರ್ ಗೆದ್ದಿತು. ನೆಲ ಸಮ, ಬಾಗಿಲು ದೊಡ್ಡದು, ಒರಗು 135 ಡಿಗ್ರಿವರೆಗೆ ಹಿಂದೆ ಬಾಗುತ್ತದೆ. ಅಮ್ಮ ಕಣ್ಣುಮುಚ್ಚಿ ಒರಗಿದರು. ಕ್ಲಾವಿಸ್‌ನ ಮೂರನೇ ಸಾಲು ಮಕ್ಕಳಿಗೆ ತುಂಬ ಇಷ್ಟವಾಯಿತು, ಆದರೆ ಅದನ್ನು ಬಿಡಿಸಿದರೆ ಸೂಟ್‌ಕೇಸಿಗೆ ಜಾಗವಿಲ್ಲ.

ಕ್ರೆಟಾ ಓಡಿಸಲು ನನಗೆ ಎಲ್ಲಕ್ಕಿಂತ ಹಿಡಿಸಿತು. ಒಂದೇ ಪೆಡಲಿನಲ್ಲಿ ಓಡಿಸುವ ವ್ಯವಸ್ಥೆ ಇದೆ, ಕಾಲೆತ್ತಿದರೆ ಕಾರು ತಾನೇ ನಿಲ್ಲುತ್ತದೆ. ನಾನು ಸಂಭ್ರಮದಿಂದ ರಿಂಗ್ ರೋಡಿನಲ್ಲಿ ಓಡಿಸುತ್ತಿದ್ದರೆ ಹಿಂದೆ ಮಗನಿಗೆ ವಾಂತಿ ಬಂದಿತು. ಕಾಲೆತ್ತಿದಾಗಲೆಲ್ಲ ಜಗ್ಗಿದಂತಾಗುತ್ತಿತ್ತಂತೆ. ತಪ್ಪು ಕಾರಿನದ್ದಲ್ಲ, ನನ್ನ ಕಾಲಿನದ್ದು. ಮಕ್ಕಳಿರುವವರು ಮೋಟಾರಿನ ಈ ತಡೆಯನ್ನು ಕನಿಷ್ಠ ಮಟ್ಟಕ್ಕೆ ಇಳಿಸಿ ಓಡಿಸಿ, ಘಾಟಿಯ ಇಳಿಜಾರಿನಲ್ಲಿ ಮಾತ್ರ ಹೆಚ್ಚಿಸಿ.

ಈಗ ಮನೆಯಲ್ಲಿ ಎರಡು ಪಕ್ಷ. ನಾನು ವಿಂಡ್ಸರ್. ಯಜಮಾನರು, ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದ ಕಾರಿನ ಹೊರತು ಬೇರೆಯದು ಬೇಡ ಎನ್ನುತ್ತಾರೆ.

ಎರಡು ವರ್ಷದ ನೆಕ್ಸಾನ್ (15 ಸೆಪ್ಟೆಂಬರ್)

ನಾನು ನಿಮ್ಮ ಯಜಮಾನರ ಪಕ್ಷ. ನೆಕ್ಸಾನ್ ವಿದ್ಯುತ್ ಕಾರಿಗೆ 2024ರಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ನಮ್ಮ ದೇಶದ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂತು, ದೊಡ್ಡವರಿಗೂ ಮಕ್ಕಳಿಗೂ. ಪಂಚ್, ಕರ್ವ್, ಹ್ಯಾರಿಯರ್, ಮಹೀಂದ್ರದ ಬಿಇ 6, ಎಕ್ಸ್‌ಇವಿ 9ಇ ಕೂಡ ಐದು ಪಡೆದಿವೆ. ಈ ಪರೀಕ್ಷೆ ಕಡ್ಡಾಯವಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಕಾರು ಕೆಟ್ಟದ್ದೆಂದು ಅರ್ಥವಲ್ಲ, ಆದರೆ ಮಕ್ಕಳನ್ನು ಕೂರಿಸುವಾಗ ಅಳೆದು ನೋಡಿದ್ದನ್ನೇ ನಾನು ಆರಿಸುತ್ತೇನೆ. ಐದು ವರ್ಷದ ಮಗುವಿಗೆ ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟನ್ನು ಇಂದೇ ಕೊಳ್ಳಿ. ಅದಿಲ್ಲದೆ ನಕ್ಷತ್ರಗಳು ಅವನ ಪಾಲಿಗೆ ಇಲ್ಲ.

ಪುತ್ತೂರಿನ ತೋಟ (16 ಸೆಪ್ಟೆಂಬರ್)

ಅಕ್ಕ, ಅಮ್ಮನನ್ನೇ ಕೇಳಿದಿರಾ?

ಲಕ್ಷ್ಮಣತೀರ್ಥ (21 ಸೆಪ್ಟೆಂಬರ್)

ಕೇಳಿದೆ. ಕೇಳಿದ್ದು ನೀವು ಹೇಳಿದ ಮೇಲೆಯೇ ಎಂಬುದು ಸಂಕಟದ ಮಾತು.

ಅಮ್ಮನಿಗೆ ಹಿಂದಿನ ಸೀಟು ಎಷ್ಟು ಮುಖ್ಯವೆಂದು ನಾನು ವಿವರಿಸುತ್ತ ಹೋದೆ. ತೊಡೆ, ಮಂಡಿ, ಒರಗು. ಅವರು ಅಕ್ಕಿ ಆರಿಸುತ್ತ ಕೇಳಿಸಿಕೊಂಡು, ನಾನು ಮುಂದೆ ಕೂತರೆ ಆಗುವುದಿಲ್ಲವೇ ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅಪ್ಪ ಇರುವವರೆಗೂ ಮುಂದಿನ ಸೀಟು ಅಪ್ಪನದು. ಅಣ್ಣ ದೊಡ್ಡವನಾದ ಮೇಲೆ ಅಣ್ಣನದು. ನನ್ನ ಮದುವೆಯ ನಂತರ ಅಳಿಯ ಓಡಿಸುವಾಗ ಪಕ್ಕದಲ್ಲಿ ನಾನು. ನಲವತ್ತು ವರ್ಷ ಘಾಟಿಯ ತಿರುವಿನಲ್ಲಿ ನಿಂಬೆಹಣ್ಣು ಮೂಸುತ್ತ, ಸೆರಗು ಬಾಯಿಗೆ ಒತ್ತಿಕೊಂಡು ಅಮ್ಮ ಹಿಂದೆ ಕೂತಿದ್ದರು. ನಾನು ಇಷ್ಟು ದಿನ ನಾಲ್ಕು ಕಾರುಗಳ ಹಿಂದಿನ ಸೀಟು ಹೋಲಿಸಿದ್ದೂ ಅಮ್ಮನ ಜಾಗ ಅದೇ ಎಂದುಕೊಂಡೇ.

ಶನಿವಾರ ಮತ್ತೆ ಹೋದೆವು. ಅಮ್ಮನನ್ನು ಮುಂದೆ ಕೂರಿಸಿದೆವು. ನೆಕ್ಸಾನ್‌ನ ಮುಂದಿನ ಸೀಟು ಸೊಂಟದ ಎತ್ತರಕ್ಕೆ ಬರುತ್ತದೆ. ಬಗ್ಗಬೇಕಿಲ್ಲ, ಏರಬೇಕಿಲ್ಲ. ಪಕ್ಕಕ್ಕೆ ಕೂತು ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಂಡರು. ಸೀಟು ಹಿಂದಕ್ಕೆ ಸರಿಸಿದರೆ ಕಾಲು ಚಾಚಲು ಜಾಗವಿತ್ತು. ಒಂದು ಗಂಟೆ ನಂಜನಗೂಡು ರಸ್ತೆಯಲ್ಲಿ ಓಡಿಸಿದೆವು. ಹಿಂದೆ ಇಬ್ಬರು ಮಕ್ಕಳ ನಡುವೆ ನಾನು. ನನ್ನ ಮಂಡಿ ಸ್ವಲ್ಪ ಮೇಲಿತ್ತು, ನನಗೆ ಅದು ತೊಂದರೆಯಲ್ಲ.

45ರ ನೆಕ್ಸಾನ್ ಬುಕ್ ಮಾಡಿದೆವು. ಆಯುಧ ಪೂಜೆಗೆ ಕೊಡುತ್ತಾರಂತೆ. ಉಳಿದ ದುಡ್ಡಿನಲ್ಲಿ ತವರಿನ ಮನೆಗೆ ಹೊಸ ತಂತಿ, ಹೊಸ ಅರ್ಥಿಂಗ್. ಅಣ್ಣ ಮೊದಲು ಬೇಡವೆಂದ, ಈಗ ಗುಂಡಿ ತೋಡಿಸುತ್ತಿದ್ದಾನೆ. ಮೈಸೂರಿನ ಮನೆಯ ಎರಡನೇ ಮೀಟರಿಗೆ ಅರ್ಜಿ ಕೊಟ್ಟಾಯಿತು.

ಲಕ್ಷ್ಮಣತೀರ್ಥ (6 ಅಕ್ಟೋಬರ್)

ಶನಿವಾರ ಊರಿಗೆ ಹೋಗಿ ನಿನ್ನೆ ರಾತ್ರಿ ಮರಳಿದೆವು. ಅಂಕಿಗಳನ್ನು ಬರೆಯುತ್ತೇನೆ. ಮಗಳು ಪ್ರತಿ ಊರಿನಲ್ಲೂ ಪುಸ್ತಕದಲ್ಲಿ ಗುರುತು ಹಾಕಿದ್ದಾಳೆ.

ಮೈಸೂರು ಬಿಟ್ಟಾಗ ಶೇ 100. ಕುಶಾಲನಗರದಲ್ಲಿ 71. ಅಲ್ಲಿ ಕಾಫಿ ಕುಡಿದೆವು, ಚಾರ್ಜ್ ಮಾಡಲಿಲ್ಲ. ಮಡಿಕೇರಿಯಲ್ಲಿ 57. ಸುಳ್ಯದಲ್ಲಿ 51. ಮೇಷ್ಟ್ರೇ, ಆರೇ ಆರು! ಮಗಳು ಕಾರಿನಲ್ಲೇ ಕೂಗಿದಳು. ಪುತ್ತೂರು 39, ಅಣ್ಣನ ಅಂಗಳದಲ್ಲಿ 35.

ರಾತ್ರಿ ಎಂಟಕ್ಕೆ ವೋಲ್ಟೇಜ್ 180 ಇತ್ತು. ತೋಟದವರು ಹೇಳಿದಂತೆ ಹನ್ನೊಂದರ ನಂತರ ಪ್ಲಗ್ ಹಾಕಿದೆವು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಹೊರಟಾಗ 96. ಸುಳ್ಯ 80, ಮಡಿಕೇರಿ ಹತ್ತಿ ಬಂದಾಗ 49. ಲೆಕ್ಕದ ಪ್ರಕಾರ ಹುಣಸೂರು ದಾಟಿ ಮನೆ ಮುಟ್ಟಬಹುದಿತ್ತು, ಶೇ 13ರಷ್ಟು ಉಳಿಯುತ್ತಿತ್ತು. ಆದರೆ ಸುಂಟಿಕೊಪ್ಪದ ಹಿರಿಯರಿಗೆ ಕೊಟ್ಟ ಮಾತಿನಂತೆ ಕುಶಾಲನಗರದಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿದೆವು. ಮೊದಲ ಚಾರ್ಜರ್ ಕೆಲಸ ಮಾಡಲಿಲ್ಲ, ಪಕ್ಕದ್ದು ಮಾಡಿತು. ಹಾಗಾಗಿ ಒಂದೇ ಯಂತ್ರವಿರುವ ಕಡೆಯನ್ನು ನೆಚ್ಚಿಕೊಳ್ಳಬೇಡಿ ಎಂದು ಬೇರೆಯವರಿಗೆ ಹೇಳುತ್ತೇನೆ.

ಸಂಪಾಜೆ ಇಳಿಯುವಾಗ ಅಮ್ಮ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದೇ ಕೂತಿದ್ದರು. ಜೋಡುಪಾಲದ ಬಳಿ ಅದನ್ನು ಹಿಂದೆ ನನಗೆ ಚಾಚಿ, ಇಟ್ಟುಕೋ, ನಿನಗೆ ಬೇಕಾಗಬಹುದು ಎಂದರು. ಆಮೇಲೆ ಸುಳ್ಯದವರೆಗೂ ಎದುರಿನ ಗಾಜಿನಿಂದ ಹಳ್ಳ, ಸೇತುವೆ, ರಬ್ಬರ್ ತೋಟ ಒಂದೊಂದನ್ನೂ ಅಳಿಯನಿಗೆ ತೋರಿಸುತ್ತ ಬಂದರು.